ಕಿವಿರು

ಸ್ಟೇಟ್‌ಬ್ಯಾಂಕಿನ ಬಸ್ಸುಗಳ ಹಾರನ್ನು
ಮೆಟ್ಟಿಲು ಹತ್ತಿ ನನ್ನ ಅಂಗಡಿಯವರೆಗೂ ಬರುತ್ತದೆ,
ಗಿರಾಕಿಗಳು ಅಷ್ಟು ಸುಲಭಕ್ಕೆ ಬರುವುದಿಲ್ಲ.
ಇಪ್ಪತ್ತೆರಡು ಮೆಟ್ಟಿಲು, ಎಡಕ್ಕೆ ಹೊಲಿಗೆಯವನು, ಬಲಕ್ಕೆ ನಾನು:
ಆಫೀಸುಗಳು ಕೈಬಿಟ್ಟ ಲ್ಯಾಪ್‌ಟಾಪುಗಳ
ಸ್ಟಿಕ್ಕರು ಕಿತ್ತು, ಮೈ ಒರೆಸಿ, ಬೆಲೆ ಬರೆಯುವವನು.

ಕಡಲೂರಿನ ಯಂತ್ರಗಳ ಕಾಯಿಲೆ ಗೊತ್ತು ನನಗೆ.
ಸ್ಕ್ರೂವಿನ ತುಕ್ಕು ನೋಡಿಯೇ
ಇದು ಉಳ್ಳಾಲದ್ದು, ಇದು ಕದ್ರಿ ಗುಡ್ಡದ್ದು ಎನ್ನಬಲ್ಲೆ.
ಇರುವೆ ಮೊಟ್ಟೆಯಿಟ್ಟದ್ದು, ಜಿರಳೆ ಸತ್ತದ್ದು,
ಒಮ್ಮೆ ಫ್ಯಾನಿನ ಸಂದಿಯಲ್ಲಿ ಯಾವುದೋ ಮಗುವಿನ ಹಾಲುಹಲ್ಲು.

ಜೂನಿನ ಮೂರನೇ ವಾರ. ಬೋಟುಗಳೆಲ್ಲ ದಡಕ್ಕೆ.
ಬೆಂಗ್ರೆಯಿಂದ ದೋಣಿ ದಾಟಿ ಬಂದರು
ವಾರಿಜಕ್ಕ, ಮಗಳು ನಿಶ್ಮಿತಾ. ಬಿಸಿಎ ಸೀಟು ಸಿಕ್ಕಿದೆ.
ಹುಡುಗಿಯ ಕಣ್ಣು ನೆಟ್ಟಗೆ ಹೋದದ್ದು ಬೆಳ್ಳಿ ಬಣ್ಣದ್ದಕ್ಕೆ,
ನಂಗ್ ಮೀನಿನ ಹಾಗೆ ಚಪ್ಪಟೆ.
"ಇಷ್ಟು ಸಪೂರ ಇದ್ದರೆ ಹೊಟ್ಟೆಯಲ್ಲಿ ಎಂತ ಉಂಟು ಮಾರಾಯ?"
ವಾರಿಜಕ್ಕ ಹೆಬ್ಬೆರಳಿಂದ ಅದರ ಬೆನ್ನು ಒತ್ತಿದರು.
ತಗ್ಗಿತು. ಮೇಲೆ ಬರಲು ತಡಮಾಡಿತು.
ಬೆರಳು ತೆಗೆದು ಸುಮ್ಮನೆ ನನ್ನ ಮುಖ ನೋಡಿದರು.
ಇಪ್ಪತ್ತೈದು ವರ್ಷ ಅಂಜಲ್, ಮಾಂಜಿ ಒತ್ತಿದ ಬೆರಳಿಗೆ
ನಾನೆಂತ ಹೇಳುವುದು?

"ಕಿವಿರು ತೋರಿಸು."

"ಅಮ್ಮಾ, ಇದು..." ಮಗಳು ಸೆರಗು ಎಳೆದಳು.
ನಾನು ಸ್ಕ್ರೂಡ್ರೈವರ್ ಹುಡುಕಿದೆ.
ಹದಿನೇಳು ವರ್ಷದಲ್ಲಿ ಒಳಗೆ ನೋಡಬೇಕೆಂದವರು ಯಾರಿದ್ದರು?
ಬಣ್ಣ ನೋಡುತ್ತಾರೆ. ಬ್ಯಾಗು ಫ್ರೀಯಾ ಕೇಳುತ್ತಾರೆ.

ಬೆಳ್ಳಿಯದ್ದು ಮೊದಲು. ರ‍್ಯಾಮಿಗೆ ಬೆಸುಗೆ, ಬ್ಯಾಟರಿಗೆ ಗೋಂದು.
ಕೆಟ್ಟರೆ? ಕೆಟ್ಟಿತು, ಅಷ್ಟೆ.
ಆಮೇಲೆ ಮೂಲೆಯ ಕಪ್ಪು ದಡಿಯ:
ಅಂಚು ತರಚಿದೆ, ಎರಡು ಕಿಲೊ ತೂಕ,
ದೋಣಿ ಎಳೆದವರ ಮೊಣಕೈಯಂಥ ಕೀಲು.
ರ‍್ಯಾಮಿಗೆ ಇನ್ನೊಂದು ಕಿಂಡಿ ಖಾಲಿ. ಬ್ಯಾಟರಿ ಬೇರೆ ಹಾಕಬಹುದು.
ಕೀಬೋರ್ಡಿಗೆ ಚಾ ಚೆಲ್ಲಿದರೆ
ಹರಿದುಹೋಗಲು ಅಡಿಯಲ್ಲಿ ತೂತು.
"ತೋಡು," ಅಂದರು ವಾರಿಜಕ್ಕ, ಮೊದಲ ಸಲ ಮುಖ ಸಡಿಲಿಸಿ.
ಬಗ್ಗಿ ಮೂಸಿದರು. ಸುಟ್ಟ ವಾಸನೆಯಿಲ್ಲ.

ಆಗ ನಿಶ್ಮಿತಾ, ಬೆಳ್ಳಿಯ ಕಡೆ ನೋಡದೆ:
"ಎಸ್‌ಎಸ್‌ಡಿ ಹೆಲ್ತ್ ಎಷ್ಟು ಪರ್ಸೆಂಟ್ ಉಂಟು?"
ತೊಂಬತ್ತು ಅಂದೆ. "ತೋರಿಸಿ."
ಪರದೆ ಎಂಬತ್ತೊಂದು ಅಂದಿತು.
ಐನೂರು ಇಳಿಸಿದೆ.

ಹದಿನೆಂಟು ಸಾವಿರಕ್ಕೆ ಬಂದು ನಿಂತಿತು ಮಾತು.
ಮೂರು ತಿಂಗಳು ವಾರಂಟಿ.
"ಧಾರಾಳ. ನಾನು ಸಂಜೆವರೆಗೂ ಕೊಡುವುದಿಲ್ಲ."
ತೊಟ್ಟೆಯೊಳಗಿನ ತೊಟ್ಟೆಯೊಳಗಿಂದ ತೆಗೆದು
ಹದಿನೈದು ಎಣಿಸಿಟ್ಟರು.
"ಬೋಟು ಇಳಿಯಲಿ. ಉಳಿದದ್ದು ಆಗಸ್ಟಿಗೆ."
ಸಾಲ ಕೇಳಬೇಡಿ ಎಂಬ ಬೋರ್ಡು
ನನ್ನ ತಲೆಯ ಮೇಲೆಯೇ ತೂಗುತ್ತಿತ್ತು.
ಅವರು ಅದನ್ನು ನಿಧಾನವಾಗಿ, ಪೂರ್ತಿ ಓದಿದರು.
ಓದಿ ಅಲ್ಲೇ ನಿಂತರು.

ಹೊರಗೆ ಮಳೆ ಹೊಡೆಯುತ್ತಿತ್ತು.
ಅದೇ ಎರಡು ತೊಟ್ಟೆಯಲ್ಲಿ ದಡಿಯನನ್ನು ಸುತ್ತಿ
ಮಗಳ ಎದೆಗೆ ಕೊಟ್ಟು, ಕೊಡೆಯನ್ನು ಅದಕ್ಕೆ ಮಾತ್ರ ಹಿಡಿದು
ಇಪ್ಪತ್ತೆರಡು ಮೆಟ್ಟಿಲು ಇಳಿದರು.

ಬೆಳ್ಳಿಯದ್ದನ್ನು ಮುಚ್ಚಿ ನೋಡಿದರೆ ಮೇಜಿನ ಮೇಲೆ
ಒಂದು ಸ್ಕ್ರೂ ಮಿಕ್ಕಿದೆ.
ಇದರದ್ದಲ್ಲ. ಎಲ್ಲ ತೂತೂ ತುಂಬಿವೆ.

ಆಗಸ್ಟಿಗೆ ಇನ್ನು ಹನ್ನೊಂದು ದಿನ.
ಧಕ್ಕೆಯಲ್ಲಿ ಬೋಟಿಗೆ ಬಣ್ಣ ಬಳಿಯುತ್ತಿದ್ದಾರಂತೆ.
ಸ್ಕ್ರೂವನ್ನು ಔಷಧದ ಬಾಟಲಿಯ ಮುಚ್ಚಳದಲ್ಲಿಟ್ಟಿದ್ದೇನೆ,
ಬೂತಾಯಿಯ ಕಣ್ಣಿನಷ್ಟೂ ಇಲ್ಲ.
ಆಗಾಗ ಎತ್ತಿ ನೋಡುತ್ತೇನೆ,
ತುಕ್ಕು ಹಿಡಿಯಿತೋ ಏನೋ ಎಂದು.