ಜೀರುಂಡೆ ಬಿಚ್ಚಿದ ಬುಧವಾರ

ಶೆಫೀಲ್ಡ್ ಅಂದರೆ ಅಲಗಿನ ಊರು.
ಇಲ್ಲಿ ಒಂದು ಕಾಲಕ್ಕೆ ಹೊಳೆಗೂ
ಸಾಣೆಕಲ್ಲು ತಿರುಗಿಸುವುದೇ ಕೆಲಸ.
ಡೋರೀನ್ ಹೆಬಲ್‌ತ್ವೇಟ್ ಹದಿನಾರಕ್ಕೇ
ಚಾಕು ಕಾರ್ಖಾನೆ ಸೇರಿದವಳು,
ಮಸೆಯಲಿಕ್ಕಲ್ಲ, ಪೊಟ್ಟಣ ಕಟ್ಟಲಿಕ್ಕೆ.
ಆರು ಫೋರ್ಕು, ಒಂದು ತೆಳುಕಾಗದ,
ಗೋಂದಿಲ್ಲ, ದಾರವಿಲ್ಲ;
ನಾವು ಬಿಚ್ಚಿದರೆ ಬಿಚ್ಚಬೇಕು, ತಾನಾಗಿ ಬಿಚ್ಚಕೂಡದು.
ನಲವತ್ತು ವರ್ಷ.

ಈಗ ಎಪ್ಪತ್ತೊಂಬತ್ತು. ಬುಧವಾರ ಬುಧವಾರ
ಟ್ರಾಮ್ ಹತ್ತಿ ನಮ್ಮ ಲ್ಯಾಬಿಗೆ ಬರುತ್ತಾಳೆ.
ಪ್ರೊಫೆಸರು ‘ಸಲಹೆಗಾರ್ತಿ’ ಅಂತ ಚೀಟಿ ಕೊಟ್ಟರೆ
ಚೀಟಿಯನ್ನೇ ಮಡಿಸಿ ಕಪ್ಪೆ ಮಾಡಿದ್ದಾಳೆ.

ನಾನು ಲೇಸರ್ ನಡೆಸುವವಳು.
ಕೂದಲಿಗಿಂತ ತೆಳುವಾದ ಲೋಹದ ಹಾಳೆಯ ಮೇಲೆ
ಬೆಟ್ಟಗೆರೆ, ಕಣಿವೆಗೆರೆ ಗೀರುವುದು ನನ್ನ ಪಾಲು.
ನಕ್ಷೆ ನೋಡಿದರೆ ಯಾರದೋ ಜಾತಕ:
ಮನೆಯೊಳಗೆ ಮನೆ, ಓರೆಗೆ ಓರೆ.
ಗೆರೆ ಕೂಡುವಲ್ಲೆಲ್ಲ ಒಂದೇ ಲೆಕ್ಕ,
ಕಣಿವೆಗಿಂತ ಬೆಟ್ಟ ಎರಡು ಹೆಚ್ಚು, ಇಲ್ಲ ಎರಡು ಕಮ್ಮಿ.
ಸರಿಸಮ ಆದರೆ ಹಾಳೆ ಮಲಗುವುದಿಲ್ಲ.
ಸಮಪಾಲು ಕೇಳಿ ಕೇಳಿ ಸೋತವಳಿಗೆ
ಈ ನಿಯಮದ ಮೇಲೆ ಯಾಕೋ ಪ್ರೀತಿ.

ಹಾಳೆ ಸುತ್ತಿ ಕೊಳವೆಯಾಗಿ, ಮುದುಡಿ,
ತೊಡೆಯ ರಕ್ತನಾಳದಲ್ಲಿ ನುಸುಳಿ
ಎದೆಯ ಹತ್ತಿರ ಅರಳಬೇಕು.
ಅರಳುತ್ತಿತ್ತು. ಆಮೇಲೆ ಹರಿಯುತ್ತಿತ್ತು,
ಪ್ರತಿಸಲವೂ ಅದೇ ಕೂಡಲಿನಲ್ಲಿ.
ಗಣಿತ ತಪ್ಪಿಲ್ಲ, ಅನ್ನುತ್ತಿತ್ತು ಕಂಪ್ಯೂಟರು.
ಇಪ್ಪತ್ತಮೂರು ಕೊಳವೆ ಕಸದಬುಟ್ಟಿಗೆ.

ಡೋರೀನ್ ಕೈಚೀಲದಿಂದ ಜೀರುಂಡೆ ತೆಗೆದಳು.
ಒಂದೇ ಚೌಕ: ಆರು ಕಾಲು, ಎರಡು ಮೀಸೆ,
ರೆಕ್ಕೆಯ ಕೆಳಗೆ ರೆಕ್ಕೆ.
ಕತ್ತರಿ ಮುಟ್ಟಿಲ್ಲ; ಮುಟ್ಟಿದರೆ ಮೈಲಿಗೆ.
ಒಮ್ಮೆ ಹೇಳಿಕೊಟ್ಟಿದ್ದೆ ಅವಳಿಗೆ:
ಮಡಿ ಅಂದರೆ ಪದರ, ಮಡಿ ಅಂದರೆ ಶುದ್ಧ,
ಮಡಿ ಅಂದರೆ ಸಾಯಿ.
“ಜಿಪುಣ ಭಾಷೆ ಕಣೇ ನಿಮ್ಮದು” ಅಂದಿದ್ದಳು.

ಮೂರು ತಿಂಗಳ ಜೀರುಂಡೆ.
ಉಗುರು ಹಾಕಿ ಬಿಚ್ಚತೊಡಗಿದಳು.
ಅಯ್ಯೋ ಅನ್ನುವಷ್ಟರಲ್ಲಿ ಕಾಲು ಹೋಯಿತು,
ಮೀಸೆ ಹೋಯಿತು, ಬೆನ್ನು ಬಯಲಾಯಿತು.
ಉಳಿದದ್ದು ಅವಳ ಅಂಗೈಯಂಥದೇ ಒಂದು ಚೌಕ.
ಕಿಟಕಿಗೆ ಹಿಡಿದಳು.
ಜನವರಿಯ ಬಡ ಬೆಳಕು,
ಗೆರೆಗೆ ಗೆರೆ ಕೂಡಿದಲ್ಲೆಲ್ಲ
ಸೂಜಿಮೊನೆಯಷ್ಟು ತೂತು, ತೂತು, ತೂತು.
ಯಾರೂ ಚುಚ್ಚಿದ್ದಲ್ಲ.
ಎಳೆತ ತಾಳಲಾರದೆ ಕಾಗದವೇ
ತನಗೆ ಬೇಕಾದಷ್ಟು ಜಾಗ ಮಾಡಿಕೊಂಡದ್ದು.

“ಅಲ್ಲಿ ಲೋಹ ಇಡಬೇಡಿ,” ಅಂದಳು.
“ಎಲ್ಲರೂ ಬಂದು ಒರಗುವ ಜಾಗದಲ್ಲಿ
ಏನೂ ಇಲ್ಲದಿರುವುದೇ ಮೇಲು.”

ಕತ್ತರಿ ಮುಟ್ಟದವಳ ಮಾತಿಗೆ
ನಾನು ಬೆಳಕಿನ ಅಲಗು ಹಚ್ಚಿದೆ.
ಕೂಡಲು ಕೂಡಲಿಗೂ
ಸಾಸಿವೆಯ ಕಾಲುಭಾಗ ಖಾಲಿ.
ಸಾವಿರದ ನೂರು ಸಲ ಅರಳಿತು, ಮುದುಡಿತು.
ಸಾವಿರದ ನೂರಾ ಒಂದಕ್ಕೆ ಹರಿಯಿತು,
ಬೇರೆ ಕಡೆ.
ಪ್ರೊಫೆಸರು ಕುಣಿದೇ ಬಿಟ್ಟರು: ಬೇರೆ ಕಡೆ!

ಮುಂದಿನ ಬುಧವಾರ ಡೋರೀನ್ ಇದನ್ನೆಲ್ಲ
ಕೋಟು ಬಿಚ್ಚುತ್ತ ಅರ್ಧ ಕೇಳಿಸಿಕೊಂಡಳು.
ಮೇಜಿನ ಮೇಲೆ ಪೊಟ್ಟಣವಿಟ್ಟಳು,
ಶುಂಠಿ ಬಿಸ್ಕತ್ತು.
ಗೋಂದಿಲ್ಲ, ದಾರವಿಲ್ಲ.
ಜೀರುಂಡೆಯಾಗಿದ್ದ ಹಾಳೆಯ ತೂತುಗಳಿಂದ
ಸಕ್ಕರೆ ಸಣ್ಣಗೆ ಸೋರುತ್ತಿತ್ತು.