ನಾನೂರ ಹನ್ನೆರಡನೇ ಸರದಿ

ಅರಸೀಕೆರೆಯ ತಾಲ್ಲೂಕು ಕಚೇರಿ ಎದುರು
ಆರಡಿ ಅಗಲದ ಜೆರಾಕ್ಸ್ ಅಂಗಡಿಯಲ್ಲಿ
ಹದಿನಾಲ್ಕು ತಿಂಗಳಿಂದ ನಾನೊಬ್ಬ ರಾಜ.

ಈ ಆಟ ನನಗೆ ಒಗ್ಗಿದ್ದು ಯಾಕೆಂದರೆ
ನಾನು ಒತ್ತುವ ತನಕ ಯಾರೂ ಹೊಡೆಯುವುದಿಲ್ಲ.
ಆಧಾರ್ ಎರಡೂ ಕಡೆ ಎಂದು ಯಾರೋ ಬಂದರೆ
ಗಡಿಯಲ್ಲಿ ಎತ್ತಿದ ಕತ್ತಿ ಎತ್ತಿದಂತೆಯೇ ನಿಲ್ಲುತ್ತದೆ,
ಆನೆ ಒಂದು ಕಾಲು ಮೇಲಿಟ್ಟುಕೊಂಡೇ ಕಾಯುತ್ತದೆ.
ಚಿಲ್ಲರೆ ಎಣಿಸಿ ಕೊಟ್ಟು ತಿರುಗಿ ಕೂತ ಮೇಲೆ
ಅದರ ಪಾದ ನೆಲಕ್ಕೆ.

ಒಂದು ಊರು, ಒಂದು ಬಾವಿ, ಇಬ್ಬರು ಈಟಿಯವರು.
ಅಷ್ಟರಿಂದ ಶುರು.
ಹೆಸರಿಡಬಹುದಿತ್ತು, ಇಟ್ಟೆ:
ಒಬ್ಬ ಗುತ್ಯಪ್ಪ, ನಮ್ಮ ಸ್ಟಾಂಪ್ ವೆಂಡರು;
ಇನ್ನೊಬ್ಬ ಅರ್ಜಿ ಬರೆಯುವ ಪಾಲಾಕ್ಷಿ.
ಗುತ್ಯಪ್ಪ ನಲವತ್ತನೇ ಸರದಿಗೇ
ಹೊಳೆ ದಾಟುವಾಗ ಸತ್ತ.
ಆವತ್ತು ಮಧ್ಯಾಹ್ನ ಅಸಲಿ ಗುತ್ಯಪ್ಪ
ಎಲೆಗೆ ಸುಣ್ಣ ಕೇಳಲು ಬಂದ.
ಮುಖ ನೋಡಲಾಗದೆ
ಎರಡು ಕಾಪಿ ಪುಕ್ಕಟೆ ಹೊಡೆದುಕೊಟ್ಟೆ.

ಆಮೇಲೆ ಏನೇನೋ ಆಯಿತು, ಎಲ್ಲ ನೆನಪಿಲ್ಲ.
ಕಬ್ಬಿಣ ಸಿಕ್ಕಿತು. ಪ್ಲೇಗು ಬಂತು.
ಬಡಗಣ ಪಟ್ಟಣವೊಂದು ದಂಗೆ ಎದ್ದಿತು,
ಕಾರಣ ಗೊತ್ತಾಗದೆ ತೆರಿಗೆ ಇಳಿಸಿದೆ.
ಲ್ಯಾಮಿನೇಷನ್ ಮಾಡುವ ತಬಸ್ಸುಮ್
ಬಿಸಿ ಹಾಳೆ ಎಳೆಯುತ್ತ ಕೇಳಿದಳು,
"ಅಣ್ಣ, ಗೆದ್ದರೆ ಏನ್ ಕೊಡ್ತಾರೆ?"
ಏನೂ ಕೊಡಲ್ಲ.
"ಸೋತರೆ?"
ಏನೂ ಕಿತ್ಕೊಳ್ಳಲ್ಲ.
"ಚೆನ್ನಾಗೈತೆ ಬಿಡಿ" ಎಂದು ಅಂಚು ಕತ್ತರಿಸಿದಳು.

ಎದುರಿಗೆ ಬೇರೆ ದಂಡು ದಿನಾ ಸಾಲುಗಟ್ಟಿ ನಿಲ್ಲುತ್ತಿತ್ತು,
ಪಹಣಿ ಹಿಡಿದು, ಚೆಕ್ಕುಬಂದಿ ಹಿಡಿದು.
ಮೂರು ಗುಂಟೆಗೆ ಹನ್ನೊಂದು ವರ್ಷದಿಂದ ಓಡಾಡುವ
ಕಣಕಟ್ಟೆಯ ರುದ್ರಾಣಮ್ಮ
ಮಾಸಿದ ಸರ್ವೆ ನಕ್ಷೆ ಬಿಚ್ಚಿ ಹೇಳುವರು,
"ಇನ್ನೊಂಚೂರು ಕಪ್ಪಗೆ ಬರ್ಲಿ ಕಣಪ್ಪ,
ಬದು ಕಾಣ್ಬೇಕು."
ನಾನು ಶಾಯಿ ಏರಿಸಿ ಏರಿಸಿ ಬದು ತರುತ್ತಿದ್ದೆ.
ಬೆನ್ನ ಹಿಂದೆ ಪರದೆಯಲ್ಲಿ ನನ್ನ ರಾಜ್ಯ
ಎರಡು ಕಡಲು ಮುಟ್ಟಿತ್ತು.

ಕೊನೆಗೆ ಒಂದೇ ಪಟ್ಟಣ ಉಳಿಯಿತು.
ಮುನ್ನೂರು ಸರದಿ ನನ್ನ ಜೊತೆಗಿದ್ದ ರಾಜನದು.
ಪ್ಲೇಗಿನ ವರ್ಷ ಕೇಳದೆಯೇ ಉಪ್ಪು ಕಳಿಸಿದ್ದ,
ಎರಡು ಸಲ ಕುದುರೆ.
ಬಂದಾಗಲೆಲ್ಲ ಅದೇ ಮೂರು ಮಾತು, ಅದೇ ಕೈಮುಗಿತ.
ಕೊಬ್ಬರಿ ಹರಾಜಿನ ಗಲಾಟೆ ಇಳಿದ ಹೊತ್ತು,
ರುದ್ರಾಣಮ್ಮನಿಗೆ ಐದು ಕಾಪಿ ಬೇಗ ಬೇಗ ಕೊಟ್ಟು ಕಳಿಸಿ
ಒಪ್ಪಂದ ಮುರಿಯುವ ಗುಂಡಿ ಒತ್ತಿದೆ.
ಅವನು ಸಿಟ್ಟಾಗಲಿಲ್ಲ.
ಆಟ ಮಾಡಿದವರು ಅವನಿಗೆ ಸಿಟ್ಟಿನ ಮುಖ
ಬರೆದಿರಲಿಲ್ಲವೋ ಏನೋ.
ಕೋಟೆಯ ಮೇಲಿದ್ದದ್ದು ಒಬ್ಬ ಬಿಲ್ಲಾಳು,
ಪ್ರಾಣ ಚೂರೇ ಚೂರು, ಕೆಂಪಗೆ.
ಅಷ್ಟು ದೊಡ್ಡ ಸೈನ್ಯವಿದ್ದೂ ಯಾಕೋ
ನಾನು ಪಾಲಾಕ್ಷಿಯನ್ನೇ ಕಳಿಸಿದೆ.

ವಿಜಯ, ಎಂದಿತು ಪರದೆ. ಬಂಗಾರದ ಅಕ್ಷರ.
ಸ್ಪೀಕರ್ ಹರಿದಿದ್ದರಿಂದ
ನಗಾರಿ ಎಣ್ಣೆ ಡಬ್ಬ ಬಡಿದಂತೆ ಬಡಿಯಿತು.
ನಕ್ಷೆ ಪೂರ್ತಿ ನನ್ನದೇ ಬಣ್ಣ.
ಗಡಿಯೇ ಇಲ್ಲದ ಮೇಲೆ
ಎಲ್ಲಿ ನೋಡಬೇಕೋ ತಿಳಿಯಲಿಲ್ಲ.
ತಬಸ್ಸುಮ್‌ಗೆ ಹೇಳೋಣವೆಂದರೆ
ಅವಳು ಆಗಲೇ ಮನೆಗೆ ಹೋಗಿದ್ದಳು.
ಶಿವಮೊಗ್ಗದ ರೈಲು ಕೂಗಿತು.
ಕೆಳಗೊಂದು ಚಿಕ್ಕ ಗುಂಡಿ ಕೇಳುತ್ತಿತ್ತು:
ಇನ್ನೊಂದು ಸರದಿ?

ಯಂತ್ರ ಆರಿಸಲೆಂದು ಮುಚ್ಚಳ ಎತ್ತಿದರೆ
ಗಾಜಿನ ಮೇಲೆ ಬೋರಲು ಮಲಗಿತ್ತು
ರುದ್ರಾಣಮ್ಮನ ಅಸಲು ನಕ್ಷೆ.
ಕಣಕಟ್ಟೆ ಬಸ್ಸು ಐದೂ ಮುಕ್ಕಾಲಿಗೆ.
ಗಡಿಯಾರದಲ್ಲಿ ಐದು ನಲವತ್ತು.

ಶಟರ್ ಅರ್ಧ ಎಳೆದು,
ಎರಡು ಕಡಲಿನ ಒಡೆಯ ನಾನು,
ಮೂರು ಗುಂಟೆ ಕೈಯಲ್ಲಿ ಹಿಡಿದು
ಸ್ಟ್ಯಾಂಡಿನ ಕಡೆ ಬರಿಗಾಲಲ್ಲಿ ಓಡಿದೆ.