ಗಾಳಿಯಲ್ಲಿ ಹಳಿಯಿಲ್ಲ

ಕೂರು ಹಿನೆಕ್. ಮೊದಲು ಕುರ್ಚಿಯ ಚಕ್ರ ಕಳಚು.
ಇಲ್ಲವಾದರೆ ಪೆಡಲ್ ಒತ್ತಿದಾಗ ನೀನೇ ಹಿಂದಕ್ಕೆ ಜಾರುತ್ತೀಯ,
ಹೆಲಿಕಾಪ್ಟರ್ ಇದ್ದಲ್ಲೇ ಇರುತ್ತದೆ.

ಕೋಲನ್ನು ಮುಷ್ಟಿಯಲ್ಲಿ ಹಿಡಿಯಬೇಡ.
ಹೆಬ್ಬೆರಳು, ಜೊತೆಗೆ ಎರಡು ಬೆರಳು,
ಚಿಟಿಕೆ ಉಪ್ಪು ಹಿಡಿದಷ್ಟು.
ಮಣಿಕಟ್ಟು ತೊಡೆಯ ಮೇಲಿರಲಿ.
ಮಜ್ಜಿಗೆ ಕಡೆಯಬೇಡವೋ ಮಾರಾಯ!
ಅದು ಎಡಕ್ಕೆ ವಾಲುವ ಮೊದಲೇ
ನೀನು ಬಲಕ್ಕೆ ಯೋಚಿಸಿರಬೇಕು,
ಯೋಚಿಸಿ ಸುಮ್ಮನಾಗಿರಬೇಕು.

ಮೂವತ್ತೊಂದು ವರ್ಷ ಓಲೊಮೋತ್ಸ್ ಊರಲ್ಲಿ
ಟ್ರಾಮ್ ಓಡಿಸಿದವಳು ನಾನು.
ಬುಧವಾರದ ಸಂತೆ ಮುಗಿಸಿ ಹತ್ತಿದ ಮುದುಕಿಯರು
ಮೊಟ್ಟೆಬುಟ್ಟಿ ಹಿಡಿದು ನಿಂತೇ ಬರುತ್ತಿದ್ದರು.
ಒಂದೂ ಒಡೆದಿಲ್ಲ ಅಂದರೆ ಸುಳ್ಳಾದೀತು.
ಒಮ್ಮೆ ಆರು ಒಡೆದವು, ಒಂದು ನಾಯಿಯ ದೆಸೆಯಿಂದ.
ಅವತ್ತು ಕಲಿತದ್ದನ್ನೇ ನಿನಗೆ ಹೇಳುತ್ತೇನೆ:
ಎಡಗೈಯ ಸನ್ನೆ ಎತ್ತುವಾಗ
ಬೆನ್ನ ಹಿಂದೆ ಯಾರೋ ಬುಟ್ಟಿ ಹಿಡಿದು ನಿಂತಿದ್ದಾರೆ ಅಂದುಕೋ.

ಸನ್ನೆ ಎತ್ತಿದರೆ ಮೂಗು ಎಡಕ್ಕೆ ಓಡುತ್ತದೆ,
ಬಲ ಪೆಡಲು, ಮೆಲ್ಲಗೆ.
ರಷ್ಯದ ಯಂತ್ರ, ಹೊಟ್ಟೆ ತುಂಬಾ ರಾಕೆಟ್ಟು,
ನಿಂತಲ್ಲಿಂದ ಏಳು ಅಂದರೆ ಏಳುವುದಿಲ್ಲ.
ಓಡಲಿ ಬಿಡು, ಕಾಂಕ್ರೀಟಿನ ಮೇಲೆ ಉರುಳಲಿ.
ಮೈ ಹಗುರಾದದ್ದು ಅದಕ್ಕೇ ತಿಳಿಯುತ್ತದೆ.
ಕಣ್ಣು ಮುಳ್ಳುಗಳ ಮೇಲೆ ಬೇಡ,
ದೂರ, ನೆಲ ಮುಗಿಯುವಲ್ಲಿ ಇಡು.
ಗಾಳಿಯಲ್ಲಿ ಹಳಿಯಿಲ್ಲ.
ಮೊದಲ ವಾರ ನನ್ನನ್ನು ಹೆದರಿಸಿದ್ದು ಅದೊಂದೇ.

ಇಳಿಯುವಾಗ ನೋಡು, ನೆಟ್ಟಗೆ ಬೇಗ ಬೇಗ ಇಳಿದರೆ
ತಾನು ಕೆಳಗೆ ತಳ್ಳಿದ ಗಾಳಿಯೊಳಗೆ
ತಾನೇ ಬೀಳುತ್ತದೆ.
ಎತ್ತು ಎತ್ತು ಅನ್ನುತ್ತದೆ ಕೈ.
ಎತ್ತಿದಷ್ಟೂ ಬೀಳುತ್ತದೆ.
ಮೂಗು ತಗ್ಗಿಸಿ ಮುಂದಕ್ಕೆ ಸರಿ,
ಯಾರೂ ಮುಟ್ಟದ ಗಾಳಿ ಅಲ್ಲಿದೆ.
ಲಿಬೋರ್ ಹೋದ ಚಳಿಗಾಲದಲ್ಲಿ ಇದನ್ನು ಕಲಿತೆ,
ಇದೇ ಪರದೆಯ ಮುಂದೆ, ರಾತ್ರಿ ನಿಲುವಂಗಿಯಲ್ಲಿ,
ಹದಿನೇಳು ಸಲ ಸತ್ತು.

ಇನ್ನು ನಿನಗೆ ಇಷ್ಟವಾದ ಪಾಠ.
ಗುಡ್ಡದ ಹಿಂದಿರು. ಮರದ ತುದಿ ದಾಟಿ ಎದ್ದವನು
ತನ್ನ ಬಾವುಟ ತಾನೇ ಹಾರಿಸಿದ ಹಾಗೆ.
ಏಳು, ಹೊಡೆ, ಹತ್ತು ಎಣಿಸುವುದರೊಳಗೆ ತಿರುಗು.
ಹೊಡೆದದ್ದನ್ನು ನೋಡಲು ಅದರ ಮೇಲೇ ಹಾರಬೇಡ.
ಹುಡುಗರೆಲ್ಲ ಹಾರುತ್ತಾರೆ, ಮೊನ್ನೆ ನೀನೂ ಹಾರಿದೆ.
ಲಾರಿ ಉರಿಯುತ್ತಿತ್ತು.
ಪಕ್ಕದ ಮನೆಯಿಂದ ಯಾರೂ ಹೊರಗೆ ಬರಲಿಲ್ಲ, ನೋಡಿದೆಯಾ?
ಆ ಊರಿನ ಮನೆಗಳಿಗೆ ಬಾಗಿಲು ಬರೆದಿದ್ದಾರೆ, ಅಷ್ಟೇ.
ಇರಲಿ.
ರಾಕೆಟ್ಟಿಗೆ ಸಾವಿರದೈನೂರು ಮೀಟರ್ ಸಾಕು.

ಲಿಬೋರ್ ಒಮ್ಮೆಯೂ ಹಾರಿದವನಲ್ಲ.
ಪ್ರೆರೋವ್ ನೆಲೆಯಲ್ಲಿ ಮೆಕ್ಯಾನಿಕ್ಕು,
ಉಗುರಿನ ಸಂದಿಯಲ್ಲಿ ಭಾನುವಾರವೂ ಗ್ರೀಸು.
ಬೆಳಿಗ್ಗೆ ಹೋದವನ್ನು ಬೆರಳಲ್ಲಿ ಎಣಿಸಿಕೊಳ್ಳುತ್ತಿದ್ದನಂತೆ,
ನಾಲ್ಕು.
ಸಂಜೆ ನಾಲ್ಕನೆಯದರ ರೆಕ್ಕೆ ಪೂರ್ತಿ ನಿಲ್ಲುವವರೆಗೆ
ಸಿಗರೇಟಿನ ಮಾತೇ ಇಲ್ಲ.
ಮನೆಗೆ ಬರುವಾಗ ಸೂಪು ಆರಿರುತ್ತಿತ್ತು.
ಯಂತ್ರವನ್ನೇ ಕಟ್ಟಿಕೊಳ್ಳಬೇಕಿತ್ತು ನೀನು
ಅಂತ ಬಯ್ದಿದ್ದೇನೆ, ಬೇಕಾದಷ್ಟು.

ನಿನ್ನಮ್ಮ ಕೆಳಗಿನ ಮಹಡಿಯಿಂದ
ಹೀಟರಿನ ಕೊಳವೆ ಬಡಿಯುತ್ತಾಳೆ, ಮೂರು ಸಲ, ಊಟಕ್ಕೆ.
ನೀನು ಗಾಳಿಯಲ್ಲಿದ್ದ ಹಾಗೇ
ಎಸ್ಕೇಪ್ ಒತ್ತಿ ಎದ್ದು ಓಡುತ್ತೀಯ.
ಬೇರೇನು ಮರೆತರೂ ಸರಿ, ಅದೊಂದು ಬೇಡ.
ಇಳಿಸು.
ಎಂಜಿನ್ ಎರಡು ನಿಮಿಷ ತಣಿಯಲಿ.
ಆಟ ಅದನ್ನು ಕೇಳುವುದಿಲ್ಲ, ನಾನು ಕೇಳುತ್ತೇನೆ.
ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸು,
ಅವಸರವಿಲ್ಲ, ಆಲೂಗಡ್ಡೆ ಎಲ್ಲಿಗೂ ಓಡಿಹೋಗುವುದಿಲ್ಲ.
ರೆಕ್ಕೆ ತಿರುಗಿ ತಿರುಗಿ ನಿಲ್ಲಲಿ.
ಅಷ್ಟರಲ್ಲಿ ಚಮಚ ತೆಗೆದುಕೊಂಡು
ನಾನು ಕೊಳವೆಗೆ ಎರಡು ಸಲ ಬಡಿಯುತ್ತೇನೆ:
ಇಳಿದ,
ಬರುತ್ತಿದ್ದಾನೆ.